ಬಣ್ಣ ಆಮೇಲೆ, ಮೊದಲು ಅಟ್ಟ ಇಳಿಸಿ: ಧಾರ್ಮಿಕ ಸಂಸ್ಥೆಯ ಹಳೇ ವೆಬ್‌ಸೈಟನ್ನು ಹೊಸದಾಗಿ ಕಟ್ಟುವ ಸಮಗ್ರ ಮಾರ್ಗದರ್ಶಿ

"ವೆಬ್‌ಸೈಟ್ ತುಂಬಾ ಹಳೇದಾಯ್ತು ಮಾರಾಯ್ರೆ, ಸ್ವಲ್ಪ ಚಂದ ಮಾಡಿಕೊಡಿ." ಮುಂಬಯಿ ಉಪನಗರದ ಒಂದು ಧಾರ್ಮಿಕ ಟ್ರಸ್ಟಿನ ಕಾರ್ಯದರ್ಶಿ ಹೀಗೆ ಫೋನ್ ಮಾಡಿದಾಗ ನಾನು ಡೊಂಬಿವಲಿ ಲೋಕಲ್ ರೈಲಿನ ಬಾಗಿಲ ಬಳಿ ನಿಂತಿದ್ದೆ. ಗಲಾಟೆಯಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ. ಎರಡು ವಾರದ ಕೆಲಸ ಅಂದುಕೊಂಡು "ಆಯ್ತು" ಅಂದೆ. ಹತ್ತು ತಿಂಗಳು ಹಿಡಿಯಿತು.

ಯಾಕೆಂದರೆ ಅಲ್ಲಿ ಚಂದ ಮಾಡುವುದು ದೊಡ್ಡ ಕೆಲಸವೇ ಆಗಿರಲಿಲ್ಲ. ದೇವಸ್ಥಾನ, ಶನಿವಾರದ ಭಜನೆ, ರಾತ್ರಿ ಶಾಲೆ, ವಿದ್ಯಾರ್ಥಿವೇತನ, ಆರೋಗ್ಯ ಶಿಬಿರ, ಯಕ್ಷಗಾನ ತರಬೇತಿ, ಮಾಸಪತ್ರಿಕೆ. ಇಪ್ಪತ್ತು ವರ್ಷ ಯಾರ್ಯಾರೋ ಬಂದು ಏನೇನೋ ಸೇರಿಸಿ ಹೋಗಿದ್ದ ಸಾವಿರಕ್ಕೂ ಜಾಸ್ತಿ ಪುಟಗಳು. ಮನೆಗೆ ಪೇಂಟ್ ಹೊಡೆಸುವ ಮುಂಚೆ ಅಟ್ಟದ ಸಾಮಾನು ಇಳಿಸಬೇಕಲ್ವಾ? ಇಲ್ಲೂ ಅಷ್ಟೆ. ನನ್ನ ಎರಡು ವಾರದ ಲೆಕ್ಕ ಬಣ್ಣಕ್ಕೆ ಮಾತ್ರ ಸರಿಯಾಗಿತ್ತು. ಉಳಿದ ತಿಂಗಳುಗಳೆಲ್ಲ ಅಟ್ಟಕ್ಕೆ ಹೋದವು.

ಮಾಟುಂಗಾದಿಂದ ವಸಾಯಿವರೆಗೆ, ನವಿ ಮುಂಬಯಿಯಿಂದ ಡೊಂಬಿವಲಿವರೆಗೆ ಕನ್ನಡ, ತುಳು ಮಾತಾಡುವ ನಮ್ಮವರ ಮಂಡಳಿ, ಸಮಿತಿ, ಸಂಘಗಳು ಬೇಕಾದಷ್ಟಿವೆ. ಅಲ್ಲೆಲ್ಲ "ಹುಡುಗನಿಗೆ ಕಂಪ್ಯೂಟರ್ ಗೊತ್ತಿದೆ" ಅನ್ನುವ ಕಾರಣಕ್ಕೆ ಈ ಕೆಲಸ ಯಾರದೋ ತಲೆಗೆ ಬಂದಿರುತ್ತದೆ. ಅಂಥವರಿಗಾಗಿ ಇದನ್ನು ಬರೆದಿದ್ದೇನೆ.

ಬೀಗದ ಕೈ ಯಾರ ಹತ್ತಿರ ಇದೆ?

ಮೊದಲ ದಿನವೇ ನಾಲ್ಕು ವಿಷಯ ಕೇಳಿ. ಡೊಮೈನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಿನಲ್ಲಿದೆ? ಸೈಟ್ ಇಟ್ಟಿರುವ ಸರ್ವರಿನ ಬಾಡಿಗೆ, ಅಂದರೆ ಹೋಸ್ಟಿಂಗ್ ಹಣ, ಯಾರ ಕಾರ್ಡಿನಿಂದ ಹೋಗುತ್ತಿದೆ? ಅಡ್ಮಿನ್ ಪಾಸ್‌ವರ್ಡ್ ಯಾರಿಗೆ ಗೊತ್ತು? ಕೊನೆಯ ಬ್ಯಾಕಪ್ ಯಾವಾಗ ತೆಗೆದದ್ದು? ನಾಲ್ಕಕ್ಕೂ ಉತ್ತರ ಸಿಕ್ಕಿದರೆ ನೀವು ಪುಣ್ಯವಂತರು.

ನಮ್ಮಲ್ಲಿ ಡೊಮೈನ್ ಇದ್ದದ್ದು ಯುವ ವಿಭಾಗದ ಒಬ್ಬ ಹುಡುಗನ ಹೆಸರಿನಲ್ಲಿ. ಅವನು ಗಲ್ಫಿಗೆ ಹೋಗಿ ವರ್ಷಗಳಾಗಿದ್ದವು. ನವೀಕರಣದ ಮೇಲ್ ಹೋಗುತ್ತಿದ್ದುದು ಅವನು ಬಿಟ್ಟ ಆಫೀಸಿನ ವಿಳಾಸಕ್ಕೆ. ಕೊನೆಗೆ ಮಹಿಳಾ ವಿಭಾಗದ ಅಕ್ಕ ಒಬ್ಬರು ಅವನ ಅಮ್ಮನ ನಂಬರ್ ಹುಡುಕಿ ಕೊಟ್ಟರು. ಅವಧಿ ಮುಗಿಯಲು ಇಪ್ಪತ್ತೇ ದಿನ ಉಳಿದಿತ್ತು.

ಡೊಮೈನನ್ನು ಟ್ರಸ್ಟಿನ ಹೆಸರಿಗೆ ಮಾಡಿಸಿ. ಒಬ್ಬ ವ್ಯಕ್ತಿಯ ಮೇಲ್ ಬೇಡ. ಕಚೇರಿಗೆ ಅಂತಲೇ ಒಂದು ಮೇಲ್ ಮಾಡಿ, ಅದರ ಪಾಸ್‌ವರ್ಡ್ ಇಬ್ಬರ ಹತ್ತಿರ ಇರಲಿ. ಆಮೇಲೆ ಪೂರ್ತಿ ಬ್ಯಾಕಪ್ ತೆಗೆಯಿರಿ. ವರ್ಡ್‌ಪ್ರೆಸ್ (ಸೈಟ್ ಕಟ್ಟುವ ತಂತ್ರಾಂಶ) ಆದರೆ ಫೈಲುಗಳು ಬೇರೆ, ಡೇಟಾಬೇಸ್ ಬೇರೆ. ಎರಡೂ ಬೇಕು. ತುಂಬಾ ಜನ ಫೈಲು ಮಾತ್ರ ಇಳಿಸಿಕೊಂಡು ನಿಶ್ಚಿಂತೆಯಿಂದ ಇರುತ್ತಾರೆ, ಆದರೆ ಬರಹವೆಲ್ಲ ಇರುವುದು ಡೇಟಾಬೇಸಿನಲ್ಲಿ. ಕಳೆದುಹೋದ ಪುಟಗಳಿದ್ದರೆ, ಹಳೇ ಪುಟಗಳ ಪ್ರತಿ ಇಟ್ಟುಕೊಳ್ಳುವ ಇಂಟರ್‌ನೆಟ್ ಆರ್ಕೈವಿನ ವೇಬ್ಯಾಕ್ ಮಷಿನ್‌ನಲ್ಲಿ ಹಳೇ ವಿಳಾಸ ಹಾಕಿ ನೋಡಿ. ನಮಗೆ ಅಲ್ಲಿ ಮೂರು ವರ್ಷದ ವಾರ್ಷಿಕೋತ್ಸವದ ವರದಿ ಸಿಕ್ಕಿತು.

ಹದಿನೈದು ದಿನ ಒಂದು ನೋಟ್‌ಬುಕ್

ವೆಬ್‌ಸೈಟ್ ಹೇಗಿರಬೇಕು ಅಂತ ಸಮಿತಿಯ ಸಭೆಯಲ್ಲಿ ಕೇಳಬೇಡಿ. ಕೇಳಿದರೆ ಅಧ್ಯಕ್ಷರ ಸಂದೇಶ ಎಲ್ಲಿ ಬರಬೇಕು, ಯಾರ ಫೋಟೊ ಮೊದಲು ಅನ್ನುವುದರಲ್ಲೇ ರಾತ್ರಿ ಹತ್ತಾಗುತ್ತದೆ. ಫಾಸ್ಟ್ ಲೋಕಲ್ ತಪ್ಪುತ್ತದೆ.

ಅದರ ಬದಲು ಕಚೇರಿಯ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಹದಿನೈದು ದಿನ, ಫೋನ್ ಮಾಡಿದ ಪ್ರತಿಯೊಬ್ಬರೂ ಏನು ಕೇಳಿದರು ಅಂತ ಫೋನ್ ಎತ್ತಿದವರು ಒಂದೊಂದು ಸಾಲು ಬರೆಯಲಿ. ರಶೀದಿ ಕೌಂಟರಿನಲ್ಲಿ ಕೂರುವವರೂ ಬರೆಯಲಿ. ನಮ್ಮ ನೋಟ್‌ಬುಕ್ಕಿನಲ್ಲಿ ಹೆಚ್ಚಾಗಿ ಇದ್ದದ್ದು ಇವು: ದೇವಸ್ಥಾನ ಎಷ್ಟು ಗಂಟೆಗೆ ಮುಚ್ಚುತ್ತದೆ, ಸ್ಟೇಷನ್ನಿನಿಂದ ಪೂರ್ವಕ್ಕೋ ಪಶ್ಚಿಮಕ್ಕೋ, ಇವತ್ತು ಅನ್ನದಾನ ಇದೆಯಾ, ಶನಿಪೂಜೆಗೆ ಎಷ್ಟು, ಅಜ್ಜಿಯನ್ನು ಕರೆತರುತ್ತೇವೆ ಲಿಫ್ಟ್ ಇದೆಯಾ, ವಿದ್ಯಾರ್ಥಿವೇತನದ ಫಾರಂ ಬಂತಾ, ಹೋದ ವರ್ಷ ಕೊಟ್ಟ ದೇಣಿಗೆಯ ರಶೀದಿ ಸಿಕ್ಕಿಲ್ಲ. ಸಂಸ್ಥೆಯ ಧ್ಯೇಯೋದ್ದೇಶವೇನು ಅಂತ ಒಬ್ಬರೂ ಕೇಳಿರಲಿಲ್ಲ. ಹಳೇ ಸೈಟಿನ ಮುಖಪುಟದಲ್ಲಿ ಓದಲು ಇದ್ದದ್ದು ಅದೊಂದೇ.

ಇದರ ಜೊತೆಗೆ ಗೂಗಲ್ ಸರ್ಚ್ ಕನ್ಸೋಲ್ ಜೋಡಿಸಿ. ಅದು ಉಚಿತ. ಜನ ಏನಂತ ಹುಡುಕಿ ನಿಮ್ಮ ಸೈಟಿಗೆ ಬರುತ್ತಾರೆ ಅಂತ 16 ತಿಂಗಳವರೆಗಿನ ಲೆಕ್ಕ ತೋರಿಸುತ್ತದೆ. ಮೊದಲೇ ಜೋಡಿಸಿರದಿದ್ದರೆ ಇವತ್ತೇ ಜೋಡಿಸಿ, ಲೆಕ್ಕ ಶೇಖರವಾಗಲು ಸಮಯ ಬೇಕು. ನೋಟ್‌ಬುಕ್ ಮತ್ತು ಈ ಪಟ್ಟಿ, ಎರಡನ್ನೂ ಸಮಿತಿಯ ಮುಂದೆ ಇಡಿ. ಮುಂದಿನ ಎಲ್ಲ ಜಗಳದಲ್ಲಿ ಇವೇ ನಿಮ್ಮ ಸಾಕ್ಷಿ.

ಅಟ್ಟದ ಪಟ್ಟಿ

ಈಗ ನಿಜವಾದ ಕೆಲಸ. ಸೈಟಿನಲ್ಲಿರುವ ಒಂದೊಂದು ಪುಟವನ್ನೂ ಸ್ಪ್ರೆಡ್‌ಶೀಟಿನಲ್ಲಿ ಬರೆಯಬೇಕು. ಸ್ಕ್ರೀಮಿಂಗ್ ಫ್ರಾಗ್ ಅನ್ನುವ ತಂತ್ರಾಂಶದ ಉಚಿತ ಆವೃತ್ತಿ 500 ವಿಳಾಸಗಳವರೆಗೆ ತಾನೇ ಹುಡುಕಿ ಪಟ್ಟಿ ಮಾಡುತ್ತದೆ. ಸೈಟ್ ಅದಕ್ಕಿಂತ ದೊಡ್ಡದಾದರೆ ವಿಭಾಗ ವಿಭಾಗವಾಗಿ ಓಡಿಸಿ, ಇಲ್ಲವೇ ಸೈಟೇ ಇಟ್ಟುಕೊಂಡಿರುವ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್‌ನಿಂದ ತೆಗೆಯಿರಿ.

ಕಾಲಂಗಳು ಇಷ್ಟು ಸಾಕು: ವಿಳಾಸ, ಶೀರ್ಷಿಕೆ, ಭಾಷೆ, ಕೊನೆಗೆ ತಿದ್ದಿದ ವರ್ಷ, ಎಷ್ಟು ಜನ ನೋಡುತ್ತಾರೆ, ವಿಷಯ ಗೊತ್ತಿರುವವರು ಯಾರು, ಏನು ಮಾಡಬೇಕು. ಕೊನೆಯ ಕಾಲಂನಲ್ಲಿ ನಾಲ್ಕೇ ಮಾತು: ಇರಲಿ, ತಿದ್ದಿ, ಇನ್ನೊಂದಕ್ಕೆ ಸೇರಿಸಿ, ಕಪಾಟಿಗೆ ಇಡಿ.

ಐದನೆಯ ಮಾತಾಗಿ "ಅಳಿಸಿ" ಅಂತ ನಾನು ಮೊದಲು ಇಟ್ಟಿದ್ದೆ. ಬೇರೆ ಸೈಟುಗಳಲ್ಲಿ ಅದು ಸರಿ. ಅಂಗಡಿಯವರು ಮಾರಾಟ ನಿಲ್ಲಿಸಿದ ಸಾಮಾನಿನ ಪುಟ ಅಳಿಸಿದರೆ ಯಾರೂ ಅಳುವುದಿಲ್ಲ. ಮಂಡಳಿಯ ಸೈಟ್ ಹಾಗಲ್ಲ. 2009ರ ಏಕಾಹ ಭಜನೆಯ ಮಸುಕು ಫೋಟೊಗಳ ಪುಟ ತೆಗೆಯೋಣ ಅಂದೆ. ಸಭೆಯ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಮ್ಮ ಕೇಳಿದರು, "ಅದರಲ್ಲಿ ನಮ್ಮವರು ತಾಳ ಹಾಕುತ್ತಾ ಕೂತಿದ್ದಾರೆ. ಬೇರೆ ಎಲ್ಲೂ ಅಂಥ ಫೋಟೊ ಇಲ್ಲ. ಅದು ಹೋಗ್ತದಾ ಮಗಾ?" ಐದನೆಯ ಮಾತನ್ನು ಅಲ್ಲೇ ಹೊಡೆದು ಹಾಕಿದೆ.

ಕಪಾಟು ಅಂದರೆ ಸೈಟಿನ ಒಳಗೇ ಇರುವ "ಹಳೇ ದಾಖಲೆ" ವಿಭಾಗ. ಮೆನುವಿನಲ್ಲಿ ಕಾಣಿಸಬೇಕಿಲ್ಲ, ಅಡಿಯಲ್ಲಿ ಒಂದು ಕೊಂಡಿ ಸಾಕು. ವರ್ಷಕ್ಕೊಂದು ಪುಟ. ಪ್ರತಿ ಪುಟದ ಮೇಲೆ "ಇದು ಹಳೇ ದಾಖಲೆ, ಇಲ್ಲಿರುವ ದರ ಮತ್ತು ಸಮಯ ಈಗಿನದ್ದಲ್ಲ" ಅಂತ ಒಂದು ಸಾಲು. ಈ ಸಾಲು ಮರೆಯಬೇಡಿ. 2011ರ ಪೂಜಾ ದರಪಟ್ಟಿ ತೋರಿಸಿ ಕೌಂಟರಿನಲ್ಲಿ ವಾದ ಮಾಡುವವರು ನಮ್ಮಲ್ಲಿ ಇದ್ದಾರೆ.

ನಿಜಕ್ಕೂ ಅಳಿಸಬೇಕಾದದ್ದು ಎರಡೇ ಬಗೆ. ಒಂದು, ಖಾಸಗಿ ವಿವರ. ವಿದ್ಯಾರ್ಥಿವೇತನ ಪಡೆದ ಮಕ್ಕಳ ಹೆಸರು, ತಂದೆಯ ಸಂಬಳ, ಮನೆ ವಿಳಾಸ, ಮೊಬೈಲ್ ನಂಬರ್ ಎಲ್ಲ ಇರುವ ಪಿಡಿಎಫ್‌ಗಳನ್ನು ಪಾರದರ್ಶಕತೆಯ ಹೆಸರಿನಲ್ಲಿ ಹಾಕಿರುತ್ತಾರೆ. ವಿಧವಾ ವೇತನದ ಪಟ್ಟಿಯೂ ಹಾಗೇ. ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು, ಆದರೆ ತಪ್ಪು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ವಿವರಕ್ಕೆ ತಂದೆತಾಯಿಯ ಒಪ್ಪಿಗೆ ಬೇಕು. ಕಾಯ್ದೆ ಇಲ್ಲದಿದ್ದರೂ, ನಮ್ಮ ಮನೆಯ ಕಷ್ಟ ಗೂಗಲ್‌ನಲ್ಲಿ ಸಿಗಲಿ ಅಂತ ಯಾರು ಬಯಸುತ್ತಾರೆ? ಎಷ್ಟು ಮಕ್ಕಳಿಗೆ, ಒಟ್ಟು ಎಷ್ಟು ರೂಪಾಯಿ ಅಂತ ಬರೆದರೆ ಸಾಕು.

ಇನ್ನೊಂದು, ನಿಮ್ಮದಲ್ಲದ ಪುಟಗಳು. ಗೂಗಲ್‌ನಲ್ಲಿ ನಿಮ್ಮ ಡೊಮೈನಿನ ಪುಟಗಳನ್ನು ಮಾತ್ರ ಹುಡುಕಿ ನೋಡಿ. ಭಜನಾ ಮಂಡಳಿಯ ವಿಳಾಸದಲ್ಲಿ ಜಪಾನಿ ಭಾಷೆಯಲ್ಲಿ ಶೂ ಮಾರುವ ಪುಟಗಳು ನನಗೆ ಸಿಕ್ಕವು. ಸೈಟಿಗೆ ಸೇರಿಸಿದ ಚಿಕ್ಕ ತಂತ್ರಾಂಶಗಳಾದ ಪ್ಲಗಿನ್‌ಗಳನ್ನು ವರ್ಷಗಟ್ಟಲೆ ಅಪ್‌ಡೇಟ್ ಮಾಡದೆ ಬಿಟ್ಟರೆ ಹೊರಗಿನವರು ನುಗ್ಗಿ ಹೀಗೇ ಮಾಡುತ್ತಾರೆ. ಅಂಥ ಸೈಟಿನ ಫೈಲುಗಳನ್ನು ಹೊಸ ಸರ್ವರಿಗೆ ಹಾಗೇ ಎತ್ತಿ ಹಾಕಬೇಡಿ. ಬರಹ ಮತ್ತು ಫೋಟೊ ಮಾತ್ರ ತೆಗೆದುಕೊಂಡು, ಉಳಿದದ್ದನ್ನು ಹೊಸದಾಗಿ ಸ್ಥಾಪಿಸಿ.

ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಸ

ನನ್ನ ಹತ್ತು ತಿಂಗಳಲ್ಲಿ ನಾಲ್ಕು ತಿಂಗಳು ಇದಕ್ಕೇ ಹೋಯಿತು. ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಎಲ್ಲ ಕಂಪ್ಯೂಟರು, ಫೋನುಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೆ ನಮ್ಮ ಮಂಡಳಿಗಳಲ್ಲಿ ಡಿಟಿಪಿ ಮಾಡುವವರು ತುಂಬಾ ವರ್ಷ ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟುಗಳನ್ನೇ ಬಳಸಿದರು. ಆ ಪದ್ಧತಿಯಲ್ಲಿ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಅದರ ಮೇಲೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದ ಫೋನಿನಲ್ಲಿ ವೇಷ ಕಳಚಿ ಬೀಳುತ್ತದೆ. ಗೂಗಲ್‌ಗಂತೂ ಅದು ಯಾವತ್ತೂ ಕನ್ನಡವಾಗಿ ಕಾಣುವುದೇ ಇಲ್ಲ.

ಪತ್ತೆ ಮಾಡುವುದು ಸುಲಭ. ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ಅರ್ಥವಿಲ್ಲದ ಅಕ್ಷರ ಬಂದರೆ ಹಳೇ ಫಾಂಟ್. ಏನೂ ಕಾಪಿಯೇ ಆಗದಿದ್ದರೆ ಅದು ಚಿತ್ರ.

ಹಳೇ ಫಾಂಟಿನದ್ದನ್ನು ಯೂನಿಕೋಡಿಗೆ ತಿರುಗಿಸುವ ಉಚಿತ ಪರಿವರ್ತಕಗಳಿವೆ. ಆದರೆ ಪ್ರತಿ ಫಾಂಟಿನ ಒಳಲೆಕ್ಕ ಬೇರೆ. ನುಡಿಗೆ ಮಾಡಿದ ಪರಿವರ್ತಕಕ್ಕೆ ಶ್ರೀಲಿಪಿ ಕೊಟ್ಟರೆ ಕಸದಿಂದ ಇನ್ನೊಂದು ಕಸ ಹುಟ್ಟುತ್ತದೆ. ಮೊದಲು ಯಾವ ಫಾಂಟ್ ಅಂತ ಖಚಿತ ಮಾಡಿಕೊಳ್ಳಿ. ಸರಿಯಾದ ಪರಿವರ್ತಕ ಸಿಕ್ಕಿದ ಮೇಲೂ ಮೂರು ಕಡೆ ಎಡವುತ್ತದೆ.

ಒಂದು, ನಡುವೆ ಇಂಗ್ಲಿಷ್ ಇರುವ ಸಾಲುಗಳು. ಮೇಲ್ ವಿಳಾಸ, ಕಟ್ಟಡದ ಹೆಸರು ಎಲ್ಲ ಕನ್ನಡದ ಚೂರುಗಳಾಗಿ ಬರುತ್ತವೆ. ಎರಡು, ಅರ್ಕಾವತ್ತು. "ಧರ್ಮ", "ಕಾರ್ಯದರ್ಶಿ" ಇಂಥ ಪದಗಳಲ್ಲಿ ಅರ್ಕಾವತ್ತು ಕಣ್ಣಿಗೆ ಆಮೇಲೆ ಕಾಣುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ಸ್ಥಳ ಬದಲಿಸುವಾಗ ಆಗಾಗ ತಪ್ಪುತ್ತದೆ. ಮೂರು, "ಫೇಸ್‌ಬುಕ್" ಥರದ ಪದಗಳು. ಸ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರಬೇಕು, ಇಲ್ಲದಿದ್ದರೆ ಒತ್ತಕ್ಷರವಾಗಿ "ಫೇಸ್ಬುಕ್" ಆಗುತ್ತದೆ.

ಹಾಗಾಗಿ ಕಣ್ಣಿನಿಂದ ಓದುವವರು ಬೇಕೇ ಬೇಕು. ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರು ನಮಗೆ ಸಿಕ್ಕರು, ರಾತ್ರಿ ಶಾಲೆಯಲ್ಲಿ ಪಾಠ ಮಾಡಿದವರು. ಅವರಿಗೆ ಸ್ಕ್ರೀನ್ ಮೇಲೆ ತಿದ್ದಿ ಅಂತ ಹೇಳಲಿಲ್ಲ. ಪ್ರಿಂಟ್ ತೆಗೆದು, ಸಾಲು ಬಿಡಿಬಿಡಿಯಾಗಿ ಇಟ್ಟು, ಕೆಂಪು ಪೆನ್ನು ಕೊಟ್ಟೆವು. ವಾರಕ್ಕೆ ನಲವತ್ತು ಪುಟ ತಿದ್ದಿ ಕಳುಹಿಸಿದರು, ಜೊತೆಗೆ ನನ್ನ ವ್ಯಾಕರಣವನ್ನೂ. ಸ್ತೋತ್ರ, ಮಂತ್ರ ಇರುವ ಪುಟಗಳನ್ನು ಮಾತ್ರ ಅರ್ಚಕರಿಗೇ ತೋರಿಸಿ. ಒಂದು ದೀರ್ಘ ತಪ್ಪಿದರೂ ಅವರಿಗೆ ತಕ್ಷಣ ಗೊತ್ತಾಗುತ್ತದೆ, ನಮಗೆ ಗೊತ್ತಾಗುವುದಿಲ್ಲ.

ಎಲ್ಲವನ್ನೂ ಒಮ್ಮೆಗೇ ತಿರುಗಿಸಲು ಹೋಗಬೇಡಿ. "ಇರಲಿ", "ತಿದ್ದಿ" ಅಂತ ಬರೆದ ಪುಟಗಳು ಮೊದಲು. ಮಾಸಪತ್ರಿಕೆಯ ಹಳೇ ಸಂಚಿಕೆಗಳಿಗೆ ಬೇರೆ ದಾರಿ ಇದೆ. ಪಿಡಿಎಫ್ ಹಾಗೇ ಇರಲಿ. ಪ್ರತಿ ಸಂಚಿಕೆಗೆ ಪರಿವಿಡಿಯನ್ನು ಮಾತ್ರ ಯೂನಿಕೋಡಿನಲ್ಲಿ ಟೈಪ್ ಮಾಡಿ: ಲೇಖನದ ಹೆಸರು, ಬರೆದವರು, ಪುಟ ಸಂಖ್ಯೆ. ಹುಡುಕುವವರಿಗೆ ಅಷ್ಟಾದರೂ ಸಿಗುತ್ತದೆ. ಪುಟಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಿಂದ ಅಕ್ಷರಗಳಾಗಿ ಓದಿಸಬೇಕೆಂದರೆ ಗೂಗಲ್ ಡ್ರೈವ್ ಮತ್ತು ಟೆಸರಾಕ್ಟ್ ಅನ್ನುವ ತಂತ್ರಾಂಶ ಎರಡಕ್ಕೂ ಕನ್ನಡ ಬರುತ್ತದೆ. ಅಚ್ಚು ಚೆನ್ನಾಗಿದ್ದರೆ ಫಲಿತಾಂಶ ಪರವಾಗಿಲ್ಲ, ಸೈಕ್ಲೋಸ್ಟೈಲ್ ಸಂಚಿಕೆಗಳಿಗೆ ಆಸೆ ಇಟ್ಟುಕೊಳ್ಳಬೇಡಿ.

ಇನ್ನು ಆಮಂತ್ರಣ ಪತ್ರಿಕೆಯ ಚಿತ್ರ. ಅದನ್ನು ಹಾಕದೆ ಯಾವ ಸಮಿತಿಯೂ ಬಿಡುವುದಿಲ್ಲ. ಹಾಕಿ. ಆದರೆ ಅದರ ಮೇಲೆ ದಿನ, ಸಮಯ, ಸ್ಥಳವನ್ನು ಅಕ್ಷರದಲ್ಲಿ ಟೈಪ್ ಮಾಡಿ. ಚಿತ್ರದೊಳಗಿನ ತಾರೀಖು ಗೂಗಲ್‌ಗೂ ಸಿಗುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರಿಗೂ ಸಿಗುವುದಿಲ್ಲ.

ಮೆನು: ಸಮಿತಿಯ ನಕ್ಷೆ ಬೇಡ

ಹಳೇ ಸೈಟಿನ ಮೆನುವಿನಲ್ಲಿ ವಿಶ್ವಸ್ಥ ಮಂಡಳಿ, ಕಾರ್ಯಕಾರಿ ಸಮಿತಿ, ಮಹಿಳಾ ವಿಭಾಗ, ಯುವ ವಿಭಾಗ, ಉಪಸಮಿತಿಗಳು ಅಂತ ಇತ್ತು. ವಿದ್ಯಾರ್ಥಿವೇತನ ಬೇಕಾದ ಹುಡುಗಿಗೆ ಅದು ಯುವ ವಿಭಾಗದ ಕೆಳಗೆ ಇದೆಯೋ ಶಿಕ್ಷಣ ಉಪಸಮಿತಿಯ ಕೆಳಗೆ ಇದೆಯೋ ಹೇಗೆ ಗೊತ್ತಾಗಬೇಕು?

ಒಂದು ಆಟ ಆಡಿ. ಪ್ರತಿ ಮುಖ್ಯ ಪುಟದ ಹೆಸರನ್ನು ವಿಸಿಟಿಂಗ್ ಕಾರ್ಡಿನಷ್ಟು ದೊಡ್ಡ ಚೀಟಿಯಲ್ಲಿ ಬರೆಯಿರಿ. ಐವತ್ತು ಅರವತ್ತು ಚೀಟಿ ಸಾಕು. ಶನಿವಾರ ಮಂಗಳಾರತಿ ಆದ ಮೇಲೆ ಹಾಲಿನಲ್ಲಿ ಜಮಖಾನದ ಮೇಲೆ ಹರಡಿ. ಪದಾಧಿಕಾರಿಗಳನ್ನು ಬಿಟ್ಟು ಬೇರೆ ಏಳೆಂಟು ಜನರಿಗೆ ಹೇಳಿ: ಜೊತೆಗೆ ಇರಬೇಕಾದದ್ದನ್ನು ಜೊತೆಗೆ ಇಡಿ, ಪ್ರತಿ ಗುಂಪಿಗೆ ಹೆಸರು ಕೊಡಿ. ನೀವು ಸುಮ್ನೆ ಕೂತು ನೋಡಿ, ಬಾಯಿ ಹಾಕಬೇಡಿ. ನಮ್ಮಲ್ಲಿ ಐದು ಗುಂಪು ಹುಟ್ಟಿತು: ದೇವಸ್ಥಾನ, ಕಾರ್ಯಕ್ರಮ, ನೆರವು, ಭಜನೆ ಮತ್ತು ಪತ್ರಿಕೆ, ನಮ್ಮ ಬಗ್ಗೆ. "ನೆರವು" ಅನ್ನುವ ಹೆಸರು ಕೊಟ್ಟದ್ದು ಹೋಟೆಲಿನ ಕೌಂಟರಿನಲ್ಲಿ ಕೂರುವ ಅಣ್ಣ ಒಬ್ಬರು. ವಿದ್ಯಾರ್ಥಿವೇತನ, ವೈದ್ಯಕೀಯ ಸಹಾಯ, ವಿಧವಾ ವೇತನ ಎಲ್ಲ ಅದರಡಿ ಬಂತು. ನನಗೆ ತಲೆ ಕೆಟ್ಟರೂ ಅಂಥ ಪದ ಹೊಳೆಯುತ್ತಿರಲಿಲ್ಲ.

ಮುಖಪುಟದಲ್ಲಿ ಮೊದಲ ಪರದೆಗೆ ನೋಟ್‌ಬುಕ್ಕಿನ ಉತ್ತರಗಳು: ಇವತ್ತಿನ ಸಮಯ, ಮುಂದಿನ ಕಾರ್ಯಕ್ರಮ, ದಾರಿ, ಫೋನ್. ಅಧ್ಯಕ್ಷರ ಸಂದೇಶ "ನಮ್ಮ ಬಗ್ಗೆ" ಒಳಗೆ. ಇದನ್ನು ಅಧ್ಯಕ್ಷರಿಗೆ ಒಬ್ಬರೇ ಇದ್ದಾಗ ಹೇಳಿ, ಸಭೆಯಲ್ಲಿ ಹೇಳಬೇಡಿ.

ಕಾರ್ಯಕ್ರಮಗಳನ್ನು ಒಂದೇ ಕಡೆ ಬರೆಯುವ ಹಾಗೆ ಮಾಡಿ. ಅಲ್ಲಿಂದ ಮುಖಪುಟಕ್ಕೂ ಕ್ಯಾಲೆಂಡರಿಗೂ ಅದು ತಾನೇ ಹೋಗಬೇಕು, ದಿನ ಮುಗಿದ ಮೇಲೆ ತಾನೇ ಕಪಾಟಿಗೆ ಸರಿಯಬೇಕು. ತಿಥಿ ಬರೆದರೆ ಪಕ್ಕದಲ್ಲಿ ತಾರೀಖು ಕಡ್ಡಾಯ. ನಮ್ಮಲ್ಲಿ ಸೌರಮಾನದವರೂ ಚಾಂದ್ರಮಾನದವರೂ ಇದ್ದಾರೆ. ಯುಗಾದಿ ಅಂತ ಬರೆದರೆ ಕರಾವಳಿಯವರಲ್ಲಿ ಕೆಲವರು ಏಪ್ರಿಲ್ ನಡುವಿನ ಬಿಸು ಅಂದುಕೊಳ್ಳುತ್ತಾರೆ. ಭಾನುವಾರದ ಕಾರ್ಯಕ್ರಮಕ್ಕೆ ಇನ್ನೊಂದು ಸಾಲಿನ ಜಾಗ ಇಡಿ: ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ರೈಲು ನಿಲ್ಲಿಸುವುದು) ಇದ್ದರೆ ಯಾವ ಲೈನಿನಲ್ಲಿ ಬರಬೇಕು ಅಂತ. ಬೆಂಗಳೂರಿನವರಿಗೆ ಇದು ನಗು ತರಿಸಬಹುದು, ಕಲ್ಯಾಣದಿಂದ ಹೊರಟವರಿಗೆ ಅಲ್ಲ.

ಒಂದು ಭಾಷೆ, ಮೂರು ಲಿಪಿ

ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ತುಂಬಾ ಜನ ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಶಾಲೆಯಲ್ಲಿ ಕಲಿತದ್ದು ಮರಾಠಿ, ಹಿಂದಿ, ಇಂಗ್ಲಿಷ್. ಭಜನೆಗೆ ಕೂತಾಗ ಫೋನಿನಲ್ಲಿ ದೇವನಾಗರಿಯಲ್ಲಿ ಬರೆದುಕೊಂಡ ಸಾಹಿತ್ಯ ನೋಡಿ ಹಾಡುತ್ತಾರೆ. ಹಾಗಾಗಿ ಅನುವಾದಕ್ಕಿಂತ ಮೊದಲು ಲಿಪಿಯ ಬಗ್ಗೆ ಯೋಚನೆ ಮಾಡಿ. ಸಮಯ, ದರ, ನೆರವಿನ ಪುಟಗಳಿಗೆ ಕನ್ನಡ ಮತ್ತು ಇಂಗ್ಲಿಷ್ ಸಾಕು. ಭಜನೆಯ ಪುಟಕ್ಕೆ ಮಾತ್ರ ಕನ್ನಡ, ದೇವನಾಗರಿ, ಇಂಗ್ಲಿಷ್ ಅಕ್ಷರ ಮೂರೂ ಕೊಡಿ, ಒಂದು ಗುಂಡಿ ಒತ್ತಿದರೆ ಬದಲಾಗುವ ಹಾಗೆ.

ಅಕ್ಷರಮುಖ ಅನ್ನುವ ಉಚಿತ ಸಾಧನ ಲಿಪಿಯನ್ನು ಚೆನ್ನಾಗಿ ಬದಲಿಸುತ್ತದೆ. ಒಂದು ತೊಡಕಿದೆ. ಮರಾಠಿ ಓದಿದವರಿಗೆ ಹ್ರಸ್ವ ಎ, ಹ್ರಸ್ವ ಒ ಬೇರೆ ಅಕ್ಷರವಾಗಿ ಗೊತ್ತಿಲ್ಲ. ಅವರಿಗೆ "ಕೊಡು" ಮತ್ತು "ಕೋಡು" ಒಂದೇ. ಒಬ್ಬ ಪುಟ್ಟ ಹುಡುಗ ಮೈಕಿನ ಮುಂದೆ ಕಣ್ಣು ಮುಚ್ಚಿ, ಭಕ್ತಿಯಿಂದ, ದೇವರ ಹತ್ತಿರ ಕೋಡು ಕೇಳಿದ್ದನ್ನು ನಾನೇ ಕೇಳಿದ್ದೇನೆ. ಪ್ರತಿ ಹಾಡಿನ ಜೊತೆ ಹಿರಿಯರು ಹಾಡಿದ ಧ್ವನಿಮುದ್ರಣ ಹಾಕುವುದೇ ಇದಕ್ಕೆ ಔಷಧಿ. ಫೋನಿನಲ್ಲಿ ಮಾಡಿದ ರೆಕಾರ್ಡಿಂಗ್ ಸಾಕು, ಫ್ಯಾನ್ ಮಾತ್ರ ಆರಿಸಿ.

ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಕನ್ನಡಾಭಿಮಾನದ ಪ್ರಶ್ನೆ ಅಲ್ಲ ಇದು. ವಿಳಾಸದಲ್ಲಿ ಒಂದೊಂದು ಕನ್ನಡ ಚಿಹ್ನೆ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. "ದೇವಸ್ಥಾನ" ಅನ್ನುವ ಒಂದೇ ಪದದಲ್ಲಿ ಸ್ವರ, ಒತ್ತಿನ ಗುರುತೂ ಸೇರಿ ಎಂಟು ಚಿಹ್ನೆ, ಅಂದರೆ 72 ಅಕ್ಷರ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ ಅರ್ಧ ಪರದೆ ಶೇಕಡಾ ಚಿಹ್ನೆ. ವರ್ಡ್‌ಪ್ರೆಸ್ ಈ ವಿಳಾಸವನ್ನು 200 ಅಕ್ಷರಕ್ಕೆ ಕತ್ತರಿಸುತ್ತದೆ, ಅಂದರೆ 22 ಕನ್ನಡ ಚಿಹ್ನೆ ಮಾತ್ರ ಉಳಿಯುತ್ತದೆ.

ದೇಣಿಗೆಯ ಪುಟ: ಆಡಿಟರ್ ಓದದೆ ಪ್ರಕಟಿಸಬೇಡಿ

ಟ್ರಸ್ಟಿನ ಪೂರ್ಣ ಹೆಸರು, ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ಸಿಕ್ಕ ನೋಂದಣಿ ಸಂಖ್ಯೆ, ಬ್ಯಾಂಕ್ ಖಾತೆಯಲ್ಲಿ ಕಾಣಿಸುವ ಹೆಸರು ಈ ಪುಟದಲ್ಲಿ ಇರಲಿ. ಯುಪಿಐ ಸ್ಕ್ಯಾನ್ ಮಾಡಿದಾಗ ಯಾವ ಹೆಸರು ಬರಬೇಕು ಅಂತಲೂ ಬರೆಯಿರಿ. ಬೇರೆ ಹೆಸರು ಬಂದರೆ ಹಣ ಹಾಕಬೇಡಿ ಅಂತ ದಪ್ಪ ಅಕ್ಷರದಲ್ಲಿ. ಹಬ್ಬದ ಸಮಯದಲ್ಲಿ ಯಾರೋ ತಮ್ಮ ಕ್ಯೂಆರ್ ಹಾಕಿ ಪೋಸ್ಟರ್ ಹರಿಬಿಡುವುದು ಈಗ ಮಾಮೂಲು.

ಬರೀ ಕ್ಯೂಆರ್ ಚಿತ್ರ ಹಾಕಿದರೆ ಹಣ ಬರುತ್ತದೆ, ಯಾರದ್ದು ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ತೆರಿಗೆ ವಿನಾಯಿತಿಯ ರಶೀದಿಗೆ ದಾನಿಯ ಹೆಸರು, ವಿಳಾಸ, ಪಾನ್ ಬೇಕು. ಅದನ್ನು ತುಂಬುವ ಸಣ್ಣ ಫಾರಂ ಜೊತೆಗೇ ಇರಲಿ. ನಗದಿನಲ್ಲಿ 2,000 ರೂಪಾಯಿ ಮೀರಿದರೆ ವಿನಾಯಿತಿ ಸಿಗದು ಅನ್ನುವುದನ್ನೂ ಬರೆಯಿರಿ, ಕೌಂಟರಿನ ಅರ್ಧ ವಾದ ಕಡಿಮೆಯಾಗುತ್ತದೆ. ಎಲ್ಲರ ಬಾಯಲ್ಲೂ ಇರುವ 80ಜಿ ಅನ್ನುವುದು 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ವಿನಾಯಿತಿ ಕೊಡುವ ಕಲಂ. 2026ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ 2025ರ ಹೊಸ ಕಾಯ್ದೆ, ಬೇರೆ ಕಲಂ ಸಂಖ್ಯೆಗಳೊಂದಿಗೆ. ಹಳೇ ಸೈಟಿನಲ್ಲಿ ಆ ಸಂಖ್ಯೆ ಮೂವತ್ತು ಪುಟಗಳಲ್ಲಿ ಹರಡಿತ್ತು. ಇಂಥ ಮಾಹಿತಿಯನ್ನು ಒಂದೇ ಪುಟದಲ್ಲಿ ಇಟ್ಟು, ಉಳಿದ ಕಡೆ ಅಲ್ಲಿಗೆ ಕೊಂಡಿ ಕೊಡಿ.

ವಿದೇಶದಿಂದ ಬರುವ ಹಣದಲ್ಲಿ ಜಾಗ್ರತೆ. ದುಬೈಯಲ್ಲಿ ಕೆಲಸ ಮಾಡುವ, ಭಾರತದ ಪಾಸ್‌ಪೋರ್ಟ್ ಇರುವ ನಮ್ಮವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪಾಸ್‌ಪೋರ್ಟ್ ಪಡೆದ ಅದೇ ಮನೆಯ ತಮ್ಮ ಕೊಟ್ಟರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು 2010ರ ಎಫ್‌ಸಿಆರ್‌ಎ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ಮೊದಲು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಿಮ್ಮ ಟ್ರಸ್ಟಿಗೆ ಅದಿಲ್ಲವೆಂದರೆ ಆನ್‌ಲೈನಿನಲ್ಲಿ ಹಣ ಪಡೆಯುವ ಪೇಮೆಂಟ್ ಗೇಟ್‌ವೇಯಲ್ಲಿ ವಿದೇಶಿ ಕಾರ್ಡ್ ಸೌಲಭ್ಯವನ್ನು ಮುಚ್ಚಿಸಿ. ಫಾರಂನಲ್ಲಿ "ನಾನು ಭಾರತದ ಪ್ರಜೆ" ಅಂತ ಗುರುತು ಹಾಕಿಸಿಕೊಳ್ಳಿ.

ಈಗ ಬಣ್ಣ

ಇದರ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಕೇಸರಿ, ಕುಂಕುಮದ ಬಣ್ಣ ಎಲ್ಲರೂ ಕೇಳುತ್ತಾರೆ. ಕೊಡಿ, ಆದರೆ ಅಂಚಿಗೆ ಮತ್ತು ಗುಂಡಿಗೆ. ಓದುವ ಅಕ್ಷರ ಬಿಳಿಯ ಮೇಲೆ ಕಪ್ಪಾಗಿಯೇ ಇರಲಿ. ಹಿನ್ನೆಲೆಯಲ್ಲಿ ದೇವರ ಫೋಟೊ ಇಟ್ಟು ಅದರ ಮೇಲೆ ಬರೆಯಬೇಡಿ. ಪುಟ ತೆರೆದ ಕೂಡಲೇ ಶುರುವಾಗುವ ಸುಪ್ರಭಾತವೂ ಬೇಡ. ಆಫೀಸಿನಲ್ಲಿ ಕದ್ದು ತೆರೆದವನ ಗತಿ ಏನು?

ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಚೆನ್ನಾಗಿದೆ. ನನಗೆ ಇಷ್ಟವಾದದ್ದು ಅನೇಕ್ ಕನ್ನಡ. ನಮ್ಮ ಮುಂಬಯಿಯದೇ ಏಕ್ ಟೈಪ್ ಸಂಸ್ಥೆ ಮಾಡಿದ್ದು. ಎರಡೂ ಉಚಿತ. ಅಕ್ಷರದ ಗಾತ್ರ 18 ಪಿಕ್ಸೆಲ್, ಸಾಲಿನ ಎತ್ತರ ಅದರ 1.7 ಪಟ್ಟು ಇಡಿ. ಇಂಗ್ಲಿಷಿಗೆ ಹೊಂದಿಸಿದ ಅಂತರದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರಗಳ ನಡುವೆ ಜಾಗ ಹೆಚ್ಚಿಸುವ ಸೆಟ್ಟಿಂಗ್ ಮುಟ್ಟಬೇಡಿ. ಪುಟದ ಭಾಷೆ ಕನ್ನಡ ಅಂತ ಕೋಡಿನಲ್ಲಿ ನಮೂದಿಸಿ.

ವೇಗಕ್ಕೆ ದೊಡ್ಡ ಶತ್ರು ಸನ್ಮಾನದ ಫೋಟೊಗಳು. ಹಳೇ ಮುಖಪುಟದಲ್ಲಿ ಶಾಲು ಹೊದಿಸುವ ಒಂಬತ್ತು ಫೋಟೊ ತಿರುಗುತ್ತಿದ್ದವು, ಒಂದೊಂದೂ ಕ್ಯಾಮೆರಾದಿಂದ ನೇರ ಬಂದದ್ದು. ಒಂದೇ ಫೋಟೊ ಇಡಿ, ಫೋಟೊದ ತೂಕ ಇಳಿಸುವ ವೆಬ್‌ಪಿ ರೂಪದಲ್ಲಿ 200 ಕೆಬಿ ಒಳಗೆ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಆಮೇಲೆ ಸಂಜೆ ಏಳಕ್ಕೆ, ಓಡುವ ಲೋಕಲಿನಲ್ಲಿ, ಥಾಣೆ ದಾಟಿದ ಮೇಲೆ ಒಮ್ಮೆ ತೆರೆದು ನೋಡಿ. "ಈಗ ಹೋದರೆ ಮಹಾಪೂಜೆ ಸಿಗ್ತದಾ" ಅಂತ ಜನ ನೋಡುವುದು ಅಲ್ಲೇ.

ಆಷಾಢದಲ್ಲಿ ಏರಿಸಿ

ಹಳೇ ಪುಟದ ವಿಳಾಸ ಬದಲಾದರೆ, ಹಳೇ ವಿಳಾಸಕ್ಕೆ ಬಂದವರು ತಾವಾಗಿಯೇ ಹೊಸದಕ್ಕೆ ಹೋಗುವ ಹಾಗೆ 301 ಮರುನಿರ್ದೇಶನ ಹಾಕಿ. ಅಟ್ಟದ ಪಟ್ಟಿಯಲ್ಲಿ "ಹೊಸ ವಿಳಾಸ" ಅಂತ ಒಂದು ಕಾಲಂ ಸೇರಿಸಿದರೆ ಈ ಕೆಲಸ ಒಂದು ಸಂಜೆಯದ್ದು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವುದು ಸೋಮಾರಿತನ, ಹುಡುಕಿಕೊಂಡು ಬಂದವರಿಗೆ ಏನೂ ಸಿಗುವುದಿಲ್ಲ. ಮುದ್ರಿತ ರಶೀದಿ ಪುಸ್ತಕ, ಗೋಡೆಯ ಬೋರ್ಡು, ಸ್ಮರಣ ಸಂಚಿಕೆಯಲ್ಲಿರುವ ಕ್ಯೂಆರ್‌ಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ನೋಡಿ.

ಹೊಸ ಸೈಟನ್ನು ಯಾವಾಗ ಏರಿಸಬೇಕು? ಗಣೇಶ ಚೌತಿಯಿಂದ ನವರಾತ್ರಿವರೆಗೆ ಮುಟ್ಟಲೇಬೇಡಿ. ನನ್ನ ಮಟ್ಟಿಗೆ ಆಷಾಢವೇ ಸರಿ. ದೇವಸ್ಥಾನದಲ್ಲಿ ಜನ ಕಡಿಮೆ, ಮದುವೆ ಮುಂಜಿ ಇಲ್ಲ, ಮುಂಬಯಿಯ ಮಳೆಗೆ ಎಲ್ಲರೂ ಮನೆಯಲ್ಲೇ. ತಪ್ಪು ಕಂಡರೆ ತಿದ್ದಲು ಸಮಯ ಇರುತ್ತದೆ. ಆಷಾಢದಲ್ಲಿ ಹೊಸದನ್ನು ಶುರು ಮಾಡಬಾರದು ಅಂತ ಖಂಡಿತ ಯಾರಾದರೂ ಹೇಳುತ್ತಾರೆ. ನಮ್ಮಲ್ಲಿ ಖಜಾಂಚಿಯವರೇ ಹೇಳಿದರು. ಅದಕ್ಕೆ ಹೀಗೆ ಮಾಡಿದೆವು: ಆಷಾಢದಲ್ಲಿ ಸದ್ದಿಲ್ಲದೆ ಏರಿಸಿ, ಅದನ್ನು "ಪರೀಕ್ಷೆ" ಅಂತ ಕರೆದೆವು. ಶ್ರಾವಣದ ಮೊದಲ ಶನಿವಾರ ದೀಪ ಬೆಳಗಿಸಿ, ಬಟನ್ ಒತ್ತಿ ಲೋಕಾರ್ಪಣೆ. ಆ ಬಟನ್ ಏನನ್ನೂ ಮಾಡುತ್ತಿರಲಿಲ್ಲ. ಚಪ್ಪಾಳೆ ಬಿತ್ತು.

ಲಕೋಟೆ

ಸಮಿತಿ ಮೂರು ವರ್ಷಕ್ಕೆ ಬದಲಾಗುತ್ತದೆ. ನೀವೂ ಒಂದು ದಿನ ಬೇರೆ ಊರಿಗೆ ಹೋಗಬಹುದು. ಸಮಯ ಬದಲಿಸುವುದು, ಕಾರ್ಯಕ್ರಮ ಸೇರಿಸುವುದು, ಫೋಟೊ ಹಾಕುವುದು, ಈ ಮೂರನ್ನು ಇಬ್ಬರಿಗೆ ಕಲಿಸಿ. ಒಬ್ಬರು ಯುವ ವಿಭಾಗದವರು, ಇನ್ನೊಬ್ಬರು ಕಚೇರಿಯಲ್ಲಿ ದಿನಾ ಕೂರುವವರು. ನೀವು ಪಕ್ಕದಲ್ಲಿ ಕೂತು ಅವರ ಕೈಯಿಂದಲೇ ಮಾಡಿಸಿ, ಮೌಸ್ ಮುಟ್ಟಬೇಡಿ. ಎಲ್ಲಿ ತಡವರಿಸುತ್ತಾರೋ ಅದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಡೊಮೈನ್, ಹೋಸ್ಟಿಂಗ್, ಮೇಲ್, ಗೇಟ್‌ವೇ ಇವುಗಳ ವಿವರ, ನವೀಕರಣದ ತಾರೀಖು, ಬ್ಯಾಕಪ್ ಇರುವ ಹಾರ್ಡ್‌ಡಿಸ್ಕ್. ಇವನ್ನು ಒಂದು ಲಕೋಟೆಗೆ ಹಾಕಿ ಮೊಹರು ಮಾಡಿ ಖಜಾಂಚಿಯವರಿಗೆ ಕೊಟ್ಟೆ. ಅವರು ಅದನ್ನು ಮೇಜಿನ ಡ್ರಾಯರಿಗೆ ಹಾಕಲಿಲ್ಲ. ಮರುದಿನ ಬ್ಯಾಂಕಿಗೆ ಹೋಗಿ, ದೇವರ ಆಭರಣ ಇರುವ ಲಾಕರಿನಲ್ಲಿ ಇಟ್ಟು ಬಂದರು. ಲಾಕರಿನ ರಿಜಿಸ್ಟರಿನಲ್ಲಿ ಬೆಳ್ಳಿಯ ಪ್ರಭಾವಳಿ, ಚಿನ್ನದ ಸರ ಆದ ಮೇಲೆ ಈಗ ಒಂದು ಸಾಲು ಇದೆ: "ವೆಬ್‌ಸೈಟ್, ಲಕೋಟೆ 1, ಡಿಸ್ಕ್ 1."